ಸುಲ್ತಾನ್ ಬಜಾರಿನ ಆಸುಪಾಸಿನ ಮರಕುಟಿಗ: ಗುರುತಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಹೈದರಾಬಾದಿನ ಸುಲ್ತಾನ್ ಬಜಾರಿಗೆ ಹಕ್ಕಿ ನೋಡಲೆಂದು ಯಾರೂ ಬರುವುದಿಲ್ಲ. ಸೀರೆಗೆ ಬರುತ್ತಾರೆ, ಬಳೆಗೆ ಬರುತ್ತಾರೆ, ಕೋಠಿಯ ಹಳೇ ಪುಸ್ತಕದಂಗಡಿಗಳಿಗೆ ಬರುತ್ತಾರೆ. ಆದರೆ ಇದೇ ಬಜಾರಿಗೆ ಹೊಂದಿಕೊಂಡಂತೆ ಹಳೇ ಬ್ರಿಟಿಷ್ ರೆಸಿಡೆನ್ಸಿಯ ವಿಶಾಲ ಆವರಣವಿದೆ. ನಿಜಾಮರ ಆಸ್ಥಾನದಲ್ಲಿ ರೆಸಿಡೆಂಟ್ ಆಗಿದ್ದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಬಂಗಲೆ ಅದು. ಈಗ ಅಲ್ಲಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿಂದ ಮೂಸಿ ನದಿಯ ಕಡೆ ಹೋದರೆ ಉಸ್ಮಾನಿಯಾ ಆಸ್ಪತ್ರೆ. 1908ರ ಸೆಪ್ಟೆಂಬರ್ 28ರ ಮಹಾಪೂರದಲ್ಲಿ 150ರಷ್ಟು ಜನ ಹತ್ತಿ ಕೂತು ಜೀವ ಉಳಿಸಿಕೊಂಡರೆಂದು ಹೇಳುವ ಹುಣಸೆ ಮರ ಆ ಆವರಣದಲ್ಲೇ ಇದೆ.

ಊರ ನಡುವೆ ಮರಕುಟಿಗ ಹುಡುಕುವವರು ಮೊದಲು ಹೋಗಬೇಕಾದದ್ದು ಇಂಥ ಹಳೇ ಮರಗಳಿರುವ ಜಾಗಕ್ಕೇ. ಮರಕುಟಿಗ ದಟ್ಟ ಕಾಡಿನ ಹಕ್ಕಿ ಎಂಬ ನಂಬಿಕೆ ಬಹಳ ಜನರಲ್ಲಿದೆ. ಎಲ್ಲ ಜಾತಿಗೂ ಅದು ನಿಜವಲ್ಲ. ವಿರಳವಾಗಿ ಮರಗಳಿರುವ ಬಯಲುಸೀಮೆ, ತೋಪು, ತೋಟ, ರಸ್ತೆಬದಿಯ ಸಾಲುಮರ, ಕಾಲೇಜಿನ ಕಾಂಪೌಂಡು, ಇವೇ ಸಾಕು ಎನ್ನುವ ಜಾತಿಯೊಂದಿದೆ. ಈ ಲೇಖನ ಆ ಹಕ್ಕಿಯದ್ದು.

ಇದು ಯಾವ ಹಕ್ಕಿ?

ಹೆಸರು ಹೊಂಬೆನ್ನಿನ ಮರಕುಟಿಗ. ಇಂಗ್ಲಿಷ್ ಪುಸ್ತಕಗಳಲ್ಲಿ ಬ್ಲ್ಯಾಕ್-ರಂಪ್ಡ್ ಫ್ಲೇಮ್‌ಬ್ಯಾಕ್ ಎಂದಿರುತ್ತದೆ. ಹಳೇ ಪುಸ್ತಕವಾದರೆ ಲೆಸ್ಸರ್ ಗೋಲ್ಡನ್-ಬ್ಯಾಕ್ಡ್ ವುಡ್‌ಪೆಕರ್ ಎಂದಿರುತ್ತದೆ. ಎರಡೂ ಒಂದೇ ಹಕ್ಕಿ. ವೈಜ್ಞಾನಿಕ ಹೆಸರು ಡೈನೋಪಿಯಂ ಬೆಂಗಾಲೆನ್ಸ್. ಬಂಗಾಳದಿಂದ ಹೋದ ಮಾಹಿತಿಯ ಆಧಾರದ ಮೇಲೆ ಲಿನೇಯಸ್ 1758ರಲ್ಲಿ ಇದನ್ನು ದಾಖಲಿಸಿದ. ಹೈದರಾಬಾದಿನಲ್ಲಿ ವಾಚ್‌ಮನ್‌ನನ್ನೋ ಮಾಲಿಯನ್ನೋ ವಿಚಾರಿಸುವುದಾದರೆ ತೆಲುಗಿನಲ್ಲಿ ವಡ್ರಂಗಿ ಪಿಟ್ಟ ಎನ್ನಿ. ಹಿಂದಿ, ಉರ್ದು ಮಾತಾಡುವವರಿಗೆ ಕಠ್‌ಫೋಡ್ವಾ ಎಂದರೆ ತಿಳಿಯುತ್ತದೆ.

ಭಾರತದ ಹೆಚ್ಚಿನ ಭಾಗದಲ್ಲಿ ಇದು ಇದೆ. ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲೂ ಇದೆ. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರು ಊರಿನ ಹೊಲದ ಬೇವಿನ ಮರದಲ್ಲಿ ನೋಡಿದ್ದೂ ಬಹುಮಟ್ಟಿಗೆ ಇದೇ ಹಕ್ಕಿ. ಅಳಿವಿನ ಅಂಚಿನಲ್ಲಿರುವ ಜಾತಿಯಲ್ಲ. ಐಯುಸಿಎನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಇದನ್ನು ಸದ್ಯಕ್ಕೆ ಆತಂಕವಿಲ್ಲದ ಜಾತಿಗಳ ಪಟ್ಟಿಯಲ್ಲಿಟ್ಟಿದೆ. ಹಾಗೆಂದು ನಿಮ್ಮ ಬೀದಿಯಿಂದ ಅದು ಮಾಯವಾಗದು ಎಂದು ಅರ್ಥವಲ್ಲ. ಆ ಮಾತಿಗೆ ಆಮೇಲೆ ಬರೋಣ.

ಈ ಸೀಮೆಯ ಹಕ್ಕಿಗಳ ಲೆಕ್ಕ ಮೊದಲು ಕ್ರಮವಾಗಿ ಆದದ್ದು ಪಕ್ಷಿತಜ್ಞ ಸಲೀಂ ಅಲಿ ಅವರಿಂದ. ನಿಜಾಮ್ ಸರ್ಕಾರದ ನೆರವಿನಿಂದ 1931–32ರಲ್ಲಿ ಅವರು ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡಿದರು. ಆಗ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಅದೇ ಸಂಸ್ಥಾನಕ್ಕೆ ಸೇರಿದ್ದವು. ಸಮೀಕ್ಷೆಯ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಸಮೀಕ್ಷೆಗಳ ಅಲೆದಾಟದಲ್ಲಿ ಅವರಿಗೆ ಜೊತೆಯಾಗಿದ್ದವರು ಪತ್ನಿ ತೆಹ್ಮಿನಾ. ಕೇರಳದ ಕಡೆ ಸಿಗುವ ಹೊಂಬೆನ್ನಿನ ಮರಕುಟಿಗದ ಉಪಜಾತಿಗೆ ಪಕ್ಷಿತಜ್ಞರು ತೆಹ್ಮಿನೇ ಎಂದು ಆಕೆಯ ಹೆಸರನ್ನೇ ಇಟ್ಟರು. ಹೈದರಾಬಾದ್ ಕಡೆ ಕಾಣುವುದು ಪಂಕ್ಟಿಕೋಲೆ ಎಂಬ ಇನ್ನೊಂದು ಉಪಜಾತಿ. ದೂರದಿಂದ ನೋಡುವವರಿಗೆ ಎರಡರ ವ್ಯತ್ಯಾಸ ತಿಳಿಯುವುದು ಕಷ್ಟ. ಅದರ ಚಿಂತೆ ಬೇಡ.

ಗುರುತು ಹಿಡಿಯುವುದು ಹೇಗೆ?

ಗಾತ್ರದಿಂದ ಶುರುಮಾಡಿ. ಕೊಕ್ಕಿನಿಂದ ಬಾಲದ ತುದಿವರೆಗೆ 26ರಿಂದ 29 ಸೆಂಟಿಮೀಟರ್. ಅಂದರೆ ಮೈನಾಗಿಂತ ದೊಡ್ಡದು, ಕಾಗೆಗಿಂತ ಚಿಕ್ಕದು. ತೂಕ ಸುಮಾರು 100 ಗ್ರಾಂ.

ಬೆನ್ನು ಹೊಳೆಯುವ ಹೊನ್ನಿನ ಹಳದಿ. ಗಂಟಲು ಕಪ್ಪು, ಅದರ ಮೇಲೆ ಸಣ್ಣ ಬಿಳಿ ಚುಕ್ಕೆಗಳು. ಎದೆ ಮತ್ತು ಹೊಟ್ಟೆ ಬಿಳಿ, ಅದರ ಮೇಲೆ ಕಪ್ಪು ಗೆರೆಗಳು. ಕಣ್ಣಿನ ಮೇಲಿಂದ ಹಿಂದಕ್ಕೆ ಒಂದು ಕಪ್ಪು ಪಟ್ಟಿ. ತಲೆಯ ಮೇಲೆ ಕೆಂಪು ಜುಟ್ಟು. ಹಾರುವಾಗ ಬಾಲದ ಬುಡದ ಮೇಲ್ಭಾಗ ಕಪ್ಪಾಗಿ ಕಾಣುತ್ತದೆ. ಇಂಗ್ಲಿಷ್ ಹೆಸರಿನ ಬ್ಲ್ಯಾಕ್-ರಂಪ್ಡ್ ಎನ್ನುವುದು ಈ ಗುರುತಿನದ್ದೇ. ಮಲೆನಾಡಿನ ಕಡೆ ಹೋದಾಗ ಇದೇ ಥರದ ಹಕ್ಕಿ ಕಂಡು, ಆ ಭಾಗ ಕೆಂಪಗಿದ್ದರೆ ಅದು ಬೇರೆ ಜಾತಿ.

ಗಂಡು ಯಾವುದು, ಹೆಣ್ಣು ಯಾವುದು? ನೆತ್ತಿ ನೋಡಿ. ಹಣೆಯಿಂದ ಜುಟ್ಟಿನ ತುದಿವರೆಗೆ ಕೆಂಪಿದ್ದರೆ ಗಂಡು. ನೆತ್ತಿಯ ಮುಂಭಾಗ ಕಪ್ಪಾಗಿ, ಬಿಳಿ ಚುಕ್ಕೆಗಳಿದ್ದು, ಜುಟ್ಟಿನ ಹಿಂಭಾಗ ಮಾತ್ರ ಕೆಂಪಿದ್ದರೆ ಹೆಣ್ಣು.

ಆದರೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುವ ಹಕ್ಕಿ ಇದು. ಕಿ-ಕಿ-ಕಿ-ಕಿ ಎಂದು ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಕೂಗುತ್ತದೆ. ಹಾರುವಾಗಲೂ ಕೂಗುತ್ತದೆ. ಹಾರಾಟವೂ ಒಂದು ಗುರುತೇ. ನಾಲ್ಕಾರು ಸಲ ರೆಕ್ಕೆ ಬಡಿದು ಮೇಲೇರುತ್ತದೆ, ರೆಕ್ಕೆ ಮಡಚಿ ಕೆಳಗಿಳಿಯುತ್ತದೆ, ಮತ್ತೆ ಮೇಲೇರುತ್ತದೆ. ಹೀಗೆ ಏರಿಳಿಯುತ್ತಾ ಹೋಗಿ ಒಂದು ಕಾಂಡಕ್ಕೆ ಅಂಟಿ ಕೂರುತ್ತದೆ. ಕೂತದ್ದು ಕೊಂಬೆಯ ಮೇಲೆ ಅಡ್ಡಲಾಗಿ ಅಲ್ಲ, ಕಾಂಡದ ಮೇಲೆ ನೆಟ್ಟಗೆ ಎಂಬುದನ್ನು ಗಮನಿಸಿ.

ನಾನು ನೋಡಿದ್ದು ಮರಕುಟಿಗವೇನಾ?

ಈ ಅನುಮಾನ ಎಲ್ಲರಿಗೂ ಬರುತ್ತದೆ. ಮೂರು ಗೊಂದಲಗಳು ಸಾಮಾನ್ಯ.

ಮೊದಲನೆಯದು ಸದ್ದಿನದ್ದು. ಬೇಸಿಗೆಯ ಮಧ್ಯಾಹ್ನ ಟುಕ್ ಟುಕ್ ಟುಕ್ ಎಂದು ನಿಲ್ಲದೆ ಕೇಳುತ್ತಿದ್ದರೆ ಅದು ಮರಕುಟಿಗವಲ್ಲ. ಅದು ಕುಟ್ರು ಹಕ್ಕಿಗಳ ಗುಂಪಿಗೆ ಸೇರಿದ ಕಾಪರ್‌ಸ್ಮಿತ್ ಬಾರ್ಬೆಟ್. ಮೈ ಹಸಿರು, ಹಣೆ ಕೆಂಪು, ಗಾತ್ರ ಗುಬ್ಬಿಗಿಂತ ತುಸು ದೊಡ್ಡದು. ಆ ಸದ್ದು ಮರ ಕುಟ್ಟುವುದರಿಂದ ಬರುವುದಲ್ಲ, ಅದರ ಗಂಟಲಿನದ್ದು.

ಎರಡನೆಯದು ಜುಟ್ಟಿನದ್ದು. ಹುಲ್ಲುಹಾಸಿನ ಮೇಲೆ ಓಡಾಡುತ್ತಾ ಉದ್ದ ಕೊಕ್ಕಿನಿಂದ ಮಣ್ಣು ಕೆದಕುವ, ಬೀಸಣಿಗೆಯಂತೆ ಜುಟ್ಟು ಬಿಚ್ಚುವ ಕಂದು ಬಣ್ಣದ ಹಕ್ಕಿಯನ್ನು ಹಲವರು ಮರಕುಟಿಗ ಎನ್ನುತ್ತಾರೆ. ಅದು ಚಂದ್ರಮುಕುಟ. ಇಂಗ್ಲಿಷಿನಲ್ಲಿ ಹೂಪೋ. ಅದು ಮರವನ್ನು ಕುಟ್ಟಿ ಕೊರೆಯುವುದಿಲ್ಲ.

ಮೂರನೆಯದು ಇತರ ಮರಕುಟಿಗಗಳದ್ದು. ಹೈದರಾಬಾದಿನ ಸುತ್ತ ಬೇರೆ ಜಾತಿಗಳೂ ಇವೆ. ಕುರುಚಲು ಕಾಡಿನಲ್ಲಿ ಹಳದಿ ನೆತ್ತಿಯ ಮರಕುಟಿಗ ಇರುತ್ತದೆ. ಇದರ ಹಳೇ ಹೆಸರು ಮರಾಠಾ ವುಡ್‌ಪೆಕರ್. ಅದು 18 ಸೆಂಟಿಮೀಟರ್ ಆಸುಪಾಸು, ಬೆನ್ನಿನ ಮೇಲೆ ಕಪ್ಪು-ಬಿಳಿ ಚುಕ್ಕೆಗಳು, ಹೊಟ್ಟೆಯ ನಡುವೆ ಒಂದಿಷ್ಟು ಕೆಂಪು. ಇನ್ನೂ ಚಿಕ್ಕದು ಪಿಗ್ಮಿ ವುಡ್‌ಪೆಕರ್, ಅಂದರೆ ಕಿರು ಮರಕುಟಿಗ. ಅದು ಗುಬ್ಬಿಯಷ್ಟೇ ದೊಡ್ಡದು. ಹೊನ್ನಿನ ಬೆನ್ನು ಈ ಎರಡಕ್ಕೂ ಇಲ್ಲ.

ಅದು ಮರ ಹತ್ತುವುದು, ಕುಟ್ಟುವುದು ಹೇಗೆ?

ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಕಾಲು ಮತ್ತು ಬಾಲ ಗಮನಿಸಿ. ಹೆಚ್ಚಿನ ಹಕ್ಕಿಗಳಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಮರಕುಟಿಗಗಳಿಗೆ ಎರಡು ಮುಂದೆ, ಎರಡು ಹಿಂದೆ. ಹೊಂಬೆನ್ನಿನ ಮರಕುಟಿಗದಲ್ಲಿ ಹಿಂದಿನ ಎರಡರಲ್ಲಿ ಒಂದು ಬೆರಳು ತೀರಾ ಸಣ್ಣದು. ಉಗುರುಗಳು ತೊಗಟೆಯ ಬಿರುಕಿಗೆ ಸಿಕ್ಕಿಕೊಳ್ಳುತ್ತವೆ. ಬಾಲದ ಗರಿಗಳ ನಡುದಂಟು ಗಡುಸಾಗಿರುತ್ತದೆ. ಹಕ್ಕಿ ಬಾಲವನ್ನು ಕಾಂಡಕ್ಕೆ ಒತ್ತಿ ಹಿಡಿಯುತ್ತದೆ. ಎರಡು ಕಾಲು ಮತ್ತು ಬಾಲ, ಈ ಮೂರರ ಮೇಲೆ ಭಾರ ಬಿಟ್ಟು ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಚಿಕ್ಕ ಚಿಕ್ಕ ನೆಗೆತಗಳಲ್ಲಿ, ಕಾಂಡವನ್ನು ಸುತ್ತುತ್ತಾ ಮೇಲೇರುತ್ತದೆ.

ನೀವು ನೋಡುತ್ತಿದ್ದೀರಿ ಎಂದು ಗೊತ್ತಾದರೆ ಅದು ಹಾರಿಹೋಗುವುದೇ ಆಗಬೇಕಿಲ್ಲ. ಕಾಂಡದ ಆಚೆ ಬದಿಗೆ ಜಾರಿಕೊಳ್ಳುತ್ತದೆ. ನೀವು ಆಚೆ ಹೋದರೆ ಅದು ಈಚೆ ಬರುತ್ತದೆ. ಹಾಗಾಗಿ ಬೆನ್ನಟ್ಟಬೇಡಿ. ನಿಂತಲ್ಲೇ ನಿಲ್ಲಿ. ಒಂದೆರಡು ನಿಮಿಷದಲ್ಲಿ ಕಾಂಡದ ಅಂಚಿನಿಂದ ಮೊದಲು ಕೊಕ್ಕು, ಆಮೇಲೆ ಕೆಂಪು ಜುಟ್ಟು ಹೊರಬರುತ್ತದೆ.

ಕುಟ್ಟುವ ಸದ್ದಿನಲ್ಲಿ ಮೂರು ಬಗೆ. ಒಂದು, ಊಟ ಹುಡುಕುವಾಗಿನದ್ದು. ಅಲ್ಲೊಂದು ಇಲ್ಲೊಂದು, ಲಯವಿಲ್ಲದ ಮೆಲು ಸದ್ದು. ಎರಡು, ಗೂಡು ಕೊರೆಯುವಾಗಿನದ್ದು. ಒಂದೇ ಜಾಗದಿಂದ ಬಿಟ್ಟು ಬಿಟ್ಟು ಬಹಳ ಹೊತ್ತು ಬರುತ್ತದೆ. ಮೂರು, ಡ್ರಮ್ಮಿಂಗ್. ಟೊಳ್ಳಾದ ಒಣ ಕೊಂಬೆಯ ಮೇಲೆ ಅತಿ ವೇಗವಾಗಿ ಬಡಿದು ಥಟ್ಟನೆ ನಿಲ್ಲಿಸುತ್ತದೆ. ಇದು ಊಟಕ್ಕಲ್ಲ. ಈ ಜಾಗ ನನ್ನದು ಎಂದು ಬೇರೆ ಮರಕುಟಿಗಗಳಿಗೂ ಸಂಗಾತಿಗೂ ತಿಳಿಸುವ ಕ್ರಮ.

ಅಷ್ಟು ಜೋರಾಗಿ ಕುಟ್ಟಿದರೆ ತಲೆನೋವು ಬರುವುದಿಲ್ಲವೇ? ಮಕ್ಕಳು ಕೇಳುವ ಈ ಪ್ರಶ್ನೆಗೆ ಬಹಳ ಕಾಲ ಒಂದು ಉತ್ತರ ಚಾಲ್ತಿಯಲ್ಲಿತ್ತು. ತಲೆಬುರುಡೆಯಲ್ಲಿ ಸ್ಪಂಜಿನಂಥ ಮೂಳೆಯಿದ್ದು ಅದು ಪೆಟ್ಟನ್ನು ಹೀರಿಕೊಳ್ಳುತ್ತದೆ ಎಂಬ ಉತ್ತರ. 2022ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ವಿಶ್ವವಿದ್ಯಾಲಯದ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು ಮೂರು ಜಾತಿಯ ಮರಕುಟಿಗಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ಅಳೆದು ನೋಡಿದರು. ಪೆಟ್ಟು ಹೀರಿಕೊಳ್ಳುವ ವ್ಯವಸ್ಥೆ ಅಲ್ಲಿ ಕಾಣಲಿಲ್ಲ. ಅದರ ತಲೆ ಬಡಗಿಯ ಸುತ್ತಿಗೆಯಂತೆ ಗಟ್ಟಿಯಾಗಿ ಕೆಲಸ ಮಾಡುತ್ತದೆ. ಪೆಟ್ಟನ್ನು ಹೀರಿಕೊಂಡಿದ್ದರೆ ಮರಕ್ಕೆ ಬೀಳುವ ಬಲವೇ ಕಡಿಮೆಯಾಗಿ ಶ್ರಮ ದಂಡವಾಗುತ್ತಿತ್ತು. ಹಾಗಾದರೆ ಮಿದುಳು ಉಳಿಯುವುದು ಹೇಗೆ? ಮಿದುಳು ಬಹಳ ಚಿಕ್ಕದು, ಹಗುರ. ಅಷ್ಟು ಚಿಕ್ಕ ಮಿದುಳಿಗೆ ಆ ವೇಗದ ಪೆಟ್ಟಿನಿಂದ ಗಾಯವಾಗುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಇನ್ನು ನಾಲಿಗೆ. ಮರಕುಟಿಗದ ನಾಲಿಗೆ ಕೊಕ್ಕಿಗಿಂತ ಎಷ್ಟೋ ಹೊರಗೆ ಚಾಚುತ್ತದೆ. ಅದಕ್ಕೆ ಆಸರೆಯಾದ ಎಳೆಯಂಥ ಮೂಳೆಗಳು ಗಂಟಲಿನಿಂದ ಹೊರಟು ತಲೆಬುರುಡೆಯ ಹಿಂದಿನಿಂದ ಸುತ್ತಿಕೊಂಡು ಮೇಲೆ ಬರುತ್ತವೆ. ತುದಿಯಲ್ಲಿ ಮುಳ್ಳುಗಳು, ಮೇಲೆ ಅಂಟು ಜೊಲ್ಲು. ತೊಗಟೆಯೊಳಗಿನ ಸುರಂಗಕ್ಕೆ ನಾಲಿಗೆ ತೂರಿಸಿ ಹುಳವನ್ನು ಎಳೆದುಕೊಳ್ಳುತ್ತದೆ. ಮರದ ಪುಡಿ ಮೂಗಿಗೆ ಹೋಗದಂತೆ ಹೊಳ್ಳೆಗಳ ಮೇಲೆ ಸಣ್ಣ ಗರಿಗಳ ಮುಚ್ಚಿಗೆಯೂ ಇದೆ.

ಏನು ತಿನ್ನುತ್ತದೆ?

ಮುಖ್ಯ ಆಹಾರ ಇರುವೆ, ಗೆದ್ದಲು, ಮರ ಕೊರೆಯುವ ದುಂಬಿಗಳ ಮರಿಹುಳು. ತೊಗಟೆ ಎಬ್ಬಿಸಿ, ಕೊಳೆತ ಭಾಗ ಕೆದಕಿ ತಿನ್ನುತ್ತದೆ. ಗೆದ್ದಲು ಹುತ್ತಕ್ಕೆ, ಇರುವೆ ಗೂಡಿಗೆ ನೆಲಕ್ಕೂ ಇಳಿಯುತ್ತದೆ. ಆಗಾಗ ಹೂವಿನ ಮಕರಂದವನ್ನೂ ಕುಡಿಯುತ್ತದೆ. ಆದ್ದರಿಂದ ಬೂರುಗ ಹೂಬಿಟ್ಟ ಕಾಲದಲ್ಲಿ ಆ ಮರಗಳನ್ನು ಗಮನಿಸಿ.

ಒಂಟಿಯಾಗಿಯೋ ಜೋಡಿಯಾಗಿಯೋ ತಿರುಗುತ್ತದೆ. ಕೆಲವೊಮ್ಮೆ ಬೇರೆ ಹಕ್ಕಿಗಳ ಮಿಶ್ರ ಗುಂಪಿನ ಜೊತೆ ಸೇರಿಕೊಳ್ಳುತ್ತದೆ. ಒಂದು ಮರದಲ್ಲಿ ನಾಲ್ಕೈದು ಜಾತಿಯ ಹಕ್ಕಿಗಳು ಒಟ್ಟಿಗೆ ಗಲಾಟೆ ಮಾಡುತ್ತಿದ್ದರೆ ಕಾಂಡದ ಮೇಲೂ ಒಮ್ಮೆ ಕಣ್ಣಾಡಿಸಿ.

ಗೂಡು ಯಾವಾಗ, ಎಲ್ಲಿ?

ಗೂಡಿನ ಕಾಲ ಫೆಬ್ರುವರಿಯಿಂದ ಜುಲೈ. ಕಾಂಡದಲ್ಲೋ ದಪ್ಪ ಕೊಂಬೆಯಲ್ಲೋ ಹಕ್ಕಿಯೇ ಪೊಟರೆ ಕೊರೆಯುತ್ತದೆ. ಬಾಯಿ ದುಂಡಗೆ. ಮೊದಲು ಅಡ್ಡಲಾಗಿ ಒಳಗೆ ಹೋಗಿ, ಆಮೇಲೆ ಕೆಳಕ್ಕೆ ಇಳಿದು ಅಗಲವಾಗುತ್ತದೆ. ಒಳಗೆ ಹುಲ್ಲು, ನಾರು ಹಾಸುವುದಿಲ್ಲ. ಎರಡು ಮೂರು ಹೊಳೆಯುವ ಬಿಳಿ ಮೊಟ್ಟೆಗಳು ಬರಿಯ ಮರದ ಮೇಲೆಯೇ ಇರುತ್ತವೆ. ಸುಮಾರು 11 ದಿನಕ್ಕೆ ಮರಿ ಹೊರಬರುತ್ತವೆ. ಅಲ್ಲಿಂದ ಸುಮಾರು 20 ದಿನಕ್ಕೆ ಗೂಡು ಬಿಡುತ್ತವೆ.

ಗೂಡು ಹುಡುಕಲು ಮೇಲೆ ನೋಡುವ ಮೊದಲು ನೆಲ ನೋಡಿ. ಬುಡದಲ್ಲಿ ಹೊಸದಾಗಿ ಬಿದ್ದ ಮರದ ಚಕ್ಕೆ, ಸಿಬಿರು ಕಂಡರೆ ಮೇಲೆ ಕೆಲಸ ನಡೆದಿದೆ ಎಂದು ಲೆಕ್ಕ. ಬಣ್ಣ ಇನ್ನೂ ತಿಳಿಯಾಗಿದ್ದರೆ ಕೊರೆತ ಹೊಸದು.

ಕೊರೆಯಲು ಎಂಥ ಮರ ಬೇಕು ಎನ್ನುವುದೇ ಮುಖ್ಯ ಸಂಗತಿ. ಗಟ್ಟಿ ಹಸಿ ಮರಕ್ಕಿಂತ ಒಣಗಿದ, ಒಳಗೆ ಶಿಲೀಂಧ್ರ ಹಿಡಿದು ಮೆದುವಾದ ಭಾಗ ಕೊರೆಯಲು ಸುಲಭ. ಅಂಥ ಭಾಗ ಎಳೇ ಮರದಲ್ಲಿ ಸಿಗುವುದಿಲ್ಲ. ಆದ್ದರಿಂದ ಇವತ್ತು ನೂರು ಸಸಿ ನೆಟ್ಟರೂ ಈ ಹಕ್ಕಿಗೆ ಗೂಡಿನ ಜಾಗ ಸಿಗಲು ದಶಕಗಳೇ ಬೇಕು. ಈಗಿರುವ ಹಳೇ ಮರದ ಒಂದು ಒಣಕೊಂಬೆ ಈ ವರ್ಷವೇ ಗೂಡಾಗಬಹುದು.

ಆ ಪೊಟರೆಯ ಉಪಯೋಗ ಅಲ್ಲಿಗೇ ಮುಗಿಯುವುದೂ ಇಲ್ಲ. ಮರಕುಟಿಗ ಬಿಟ್ಟ ಪೊಟರೆಗೆ ಗಿಳಿ, ಮೈನಾ, ಮಡಿವಾಳ ಹಕ್ಕಿ ಬರುತ್ತವೆ. ಅಳಿಲೂ ಬರುತ್ತದೆ. ಇವು ಬಹುಮಟ್ಟಿಗೆ ಸಿದ್ಧ ಪೊಟರೆಗಳನ್ನೇ ನೆಚ್ಚಿಕೊಂಡಿರುತ್ತವೆ. ಒಮ್ಮೊಮ್ಮೆ ಗಿಳಿ, ಮೈನಾಗಳು ಮರಕುಟಿಗವನ್ನೇ ಓಡಿಸಿ ಪೊಟರೆ ಹಿಡಿಯುವುದೂ ಉಂಟು. ಮರಕುಟಿಗವೂ ಸಾಧುವೇನಲ್ಲ, ಬೇರೆ ಹಕ್ಕಿಗಳ ಪೊಟರೆ ಕಸಿದುಕೊಂಡ ಉದಾಹರಣೆಗಳಿವೆ.

ಕುಟ್ಟಿ ಕುಟ್ಟಿ ಮರ ಸಾಯುವುದಿಲ್ಲವೇ?

ಇಲ್ಲ. ಆರೋಗ್ಯವಾಗಿರುವ ಮರ ಮರಕುಟಿಗದಿಂದ ಸಾಯುವುದಿಲ್ಲ. ಅದು ಬಹುಪಾಲು ಕುಟ್ಟುವುದೇ ಹುಳು ಹಿಡಿದ, ಒಣಗಿದ, ಕೊಳೆತ ಜಾಗವನ್ನು. ಒಂದೇ ಕೊಂಬೆಯನ್ನು ದಿನವೂ ಕುಟ್ಟುತ್ತಿದ್ದರೆ ಒಳಗೆ ಗೆದ್ದಲೋ ಕೊರಕ ಹುಳುವೋ ಇರಬಹುದು. ಅದನ್ನು ಹಕ್ಕಿಯ ತಪ್ಪು ಎನ್ನದೆ ಮರವನ್ನು ಪರೀಕ್ಷೆ ಮಾಡಿಸುವ ಸೂಚನೆ ಎಂದುಕೊಳ್ಳಿ.

ಇನ್ನೊಂದು ದೂರು ಕಾರಿನ ಕನ್ನಡಿ, ಕಿಟಕಿ ಗಾಜು ಕುಟ್ಟುವುದು. ಗೂಡಿನ ಕಾಲದಲ್ಲಿ ಹಕ್ಕಿಗಳು ತಮ್ಮ ಪ್ರತಿಬಿಂಬವನ್ನೇ ಇನ್ನೊಂದು ಹಕ್ಕಿ ಎಂದುಕೊಂಡು ಜಗಳಕ್ಕಿಳಿಯುತ್ತವೆ. ಪರಿಹಾರ ಸುಲಭ. ಕೆಲವು ವಾರ ಕನ್ನಡಿಗೆ ಬಟ್ಟೆ ಕಟ್ಟಿ, ಗಾಜಿಗೆ ಹೊರಗಿನಿಂದ ಕಾಗದ ಅಂಟಿಸಿ. ಹಕ್ಕಿಯನ್ನು ಹಿಡಿಯುವುದು, ಗೂಡು ಕೆಡಿಸುವುದು, ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ನೋಡಲು ಏನು ಬೇಕು, ಎಷ್ಟು ಖರ್ಚು?

ಬರಿಗಣ್ಣು, ಕಿವಿ, ತಾಳ್ಮೆ ಇದ್ದರೆ ಶುರುಮಾಡಬಹುದು. ಖರ್ಚಿಲ್ಲ. ಬೆಳಗ್ಗೆ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಒಳ್ಳೆಯ ಹೊತ್ತು.

ಮೊಬೈಲ್ ಇದ್ದರೆ ಮರ್ಲಿನ್ ಬರ್ಡ್ ಐಡಿ ಎಂಬ ಆ್ಯಪ್ ಹಾಕಿಕೊಳ್ಳಿ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ್ದು, ಉಚಿತ. ಮೊದಲು ವೈಫೈ ಇರುವ ಕಡೆ ಭಾರತದ ಹಕ್ಕಿಗಳ ಪ್ಯಾಕ್ ಇಳಿಸಿಕೊಳ್ಳಿ. ಫೋಟೊ ಕೊಟ್ಟರೆ ಹೆಸರು ಸೂಚಿಸುತ್ತದೆ, ಕೂಗನ್ನು ಕೇಳಿಸಿಕೊಂಡೂ ಸೂಚಿಸುತ್ತದೆ. ಅದು ಹೇಳಿದ್ದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಕೋಠಿಯ ಹಾರನ್ ಸದ್ದಿನ ನಡುವೆ ಅದೂ ತಪ್ಪುತ್ತದೆ. ನೋಡಿದ್ದನ್ನು ದಾಖಲಿಸಲು ಅದೇ ಸಂಸ್ಥೆಯ ಇ-ಬರ್ಡ್ ಇದೆ. ಅದಕ್ಕೂ ಹಣ ಕೊಡಬೇಕಿಲ್ಲ. ಒಂದು ಮಾತು: ಆ್ಯಪಿನಲ್ಲಿರುವ ಕೂಗನ್ನು ಗೂಡಿನ ಹತ್ತಿರ ಹಾಕಿ ಹಕ್ಕಿಯನ್ನು ಕರೆಯಬೇಡಿ. ವೈರಿ ಬಂದಿತೆಂದು ಅದು ಗೂಡು ಬಿಟ್ಟು ಬರುತ್ತದೆ.

ಆಸಕ್ತಿ ಉಳಿದರೆ ದುರ್ಬೀನು ಕೊಳ್ಳಿ. ಅದರ ಮೇಲೆ 8x40, 8x42 ಎಂದು ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರಿನಲ್ಲಿ. ಈ ಎರಡು ಅಳತೆ ಹೊಸಬರಿಗೆ ಸರಿಯಾಗಿ ಹೊಂದುತ್ತವೆ. ಹೆಚ್ಚು ಪಟ್ಟಿನದ್ದು ತೆಗೆದುಕೊಂಡರೆ ಕೈ ನಡುಗಿ ಚಿತ್ರ ನಿಲ್ಲುವುದಿಲ್ಲ. ಕಲಿಯುವವರಿಗೆ ಸಾಕಾಗುವ ದುರ್ಬೀನು ಸುಮಾರು 5,000ದಿಂದ 10,000 ರೂಪಾಯಿಯೊಳಗೆ ಬರುತ್ತದೆ. ಸಾಧ್ಯವಾದರೆ ಅಂಗಡಿಯಲ್ಲಿ ಕೈಗೆತ್ತಿಕೊಂಡು, ದೂರದ ಬೋರ್ಡೊಂದನ್ನು ಓದಿ ನೋಡಿ ಕೊಳ್ಳಿ. ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಬೇಕು.

ಪುಸ್ತಕಕ್ಕೆ ನೀವಿರುವ ಜಾಗವೇ ಅನುಕೂಲ. ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ 1941ರಿಂದ ಮುದ್ರಣವಾಗುತ್ತಲೇ ಇದೆ. ಕೋಠಿಯ ಹಳೇ ಪುಸ್ತಕದಂಗಡಿಗಳಲ್ಲಿ ಹುಡುಕಿ ನೋಡಿ. ಕನ್ನಡದಲ್ಲಿ ಓದಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳ ಪುಸ್ತಕಗಳಿವೆ. ಊರಿಗೆ ಹೋದಾಗ ಕೊಂಡು ತನ್ನಿ.

ಎಲ್ಲಿ ನೋಡಬಹುದು?

ಸುಲ್ತಾನ್ ಬಜಾರಿನಿಂದ ಶುರುಮಾಡೋಣ. ರೆಸಿಡೆನ್ಸಿ ಇರುವುದು ವಿದ್ಯಾರ್ಥಿನಿಯರ ವಿಶ್ವವಿದ್ಯಾಲಯದೊಳಗೆ. ದುರ್ಬೀನು, ಕ್ಯಾಮೆರಾ ಹಿಡಿದು ಹೋಗುವವರು ಮೊದಲು ಗೇಟಿನಲ್ಲಿ ಅನುಮತಿ ಕೇಳಬೇಕು. ಯಾರ ಅನುಮತಿಯೂ ಬೇಡದ ಜಾಗ ಬೇಕೆಂದರೆ ನಾಂಪಲ್ಲಿಯ ಪಬ್ಲಿಕ್ ಗಾರ್ಡನ್, ಹಳಬರ ಬಾಗ್-ಎ-ಆಮ್. ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಮೆಟ್ರೊ ನಿಲ್ದಾಣದಲ್ಲಿ ಕೆಂಪು ಮಾರ್ಗದ ರೈಲು ಹತ್ತಿದರೆ ಎರಡನೇ ನಿಲ್ದಾಣವೇ ನಾಂಪಲ್ಲಿ. ಇನ್ನೊಂದು ದಿಕ್ಕಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣವಿದೆ. ಕಾಚಿಗುಡ, ಬರ್ಕತ್‌ಪುರ ಕಡೆಯ ಕನ್ನಡ ಮನೆಗಳಿಗೆ ಅದು ಹತ್ತಿರ.

ಒಂದು ಪೂರ್ತಿ ಬೆಳಗ್ಗೆ ಬಿಡುವಿದ್ದರೆ ಜುಬಿಲಿ ಹಿಲ್ಸಿನ ಕಾಸು ಬ್ರಹ್ಮಾನಂದ ರೆಡ್ಡಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಎಲ್ಲರೂ ಕೆಬಿಆರ್ ಪಾರ್ಕ್ ಎನ್ನುತ್ತಾರೆ. ಅದೇ ಕೆಂಪು ಮಾರ್ಗದಲ್ಲಿ ಅಮೀರ್‌ಪೇಟೆಗೆ ಹೋಗಿ, ಅಲ್ಲಿ ನೀಲಿ ಮಾರ್ಗಕ್ಕೆ ಬದಲಿಸಿ ಜುಬಿಲಿ ಹಿಲ್ಸ್ ಚೆಕ್‌ಪೋಸ್ಟಿನಲ್ಲಿ ಇಳಿಯಬೇಕು. ಬಯಲುಸೀಮೆಯ ಕಾಡು ನೋಡಬೇಕೆಂದರೆ ವನಸ್ಥಲಿಪುರಂ ಬಳಿಯ ಮಹಾವೀರ ಹರಿಣ ವನಸ್ಥಲಿ ಇದೆ. ಕೆಂಪು ಮಾರ್ಗದ ಕೊನೆಯ ನಿಲ್ದಾಣ ಎಲ್.ಬಿ. ನಗರದಲ್ಲಿ ಇಳಿದು ಆಟೊ ಹಿಡಿಯಿರಿ. ಟಿಕೆಟ್ ದರ, ತೆರೆಯುವ ಹೊತ್ತು, ವಾರದ ರಜೆ ಬದಲಾಗುತ್ತಿರುತ್ತವೆ. ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಸ್ವಂತ ವಾಹನದಲ್ಲಿ ವಿಜಯಪುರದ ಕಡೆ ಹೋಗುವವರಿಗೆ ದಾರಿಯಲ್ಲೇ ಅವಕಾಶವಿದೆ. ರಾಷ್ಟ್ರೀಯ ಹೆದ್ದಾರಿ 163ರಲ್ಲಿ ಮೊಯಿನಾಬಾದ್, ಚೇವೆಳ್ಳ ಭಾಗದ ಹಳೇ ಆಲದ ಸಾಲು, ರಸ್ತೆ ಅಗಲೀಕರಣದ ವಿವಾದ ಎದ್ದಾಗ ಸುಮಾರು 900 ಮರಗಳದ್ದು ಎಂದು ಸುದ್ದಿಯಾಗಿತ್ತು. ಇನ್ನು ಕಲಬುರಗಿ ಜಿಲ್ಲೆಗೆ ಹೋಗುವವರು ಚಿಂಚೋಳಿ ವನ್ಯಜೀವಿ ಧಾಮ ನೋಡಬಹುದು. ತೆಲಂಗಾಣದ ಗಡಿಗೆ ಅಂಟಿಕೊಂಡ ಒಣ ಎಲೆಯುದುರುವ ಕಾಡು ಅದು.

ಒಬ್ಬರೇ ಹೋಗಲು ಸಂಕೋಚವೇ? ಡೆಕ್ಕನ್ ಬರ್ಡರ್ಸ್ ಎಂಬ ಬಳಗವಿದೆ. 1980ರಲ್ಲಿ ಬರ್ಡ್‌ವಾಚರ್ಸ್ ಸೊಸೈಟಿ ಆಫ್ ಆಂಧ್ರಪ್ರದೇಶ ಎಂಬ ಹೆಸರಿನಲ್ಲಿ ಶುರುವಾದದ್ದು. ಹಕ್ಕಿ ನೋಡಲು ಒಟ್ಟಾಗಿ ಹೋಗುತ್ತಾರೆ, ಹೊಸಬರನ್ನೂ ಕರೆದೊಯ್ಯುತ್ತಾರೆ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ. ಮನೆಯ ತಾರಸಿಯಿಂದ 15 ನಿಮಿಷ ಎಣಿಸಿ ಇ-ಬರ್ಡಿಗೆ ಹಾಕಿದರೂ ಲೆಕ್ಕಕ್ಕೆ ಸೇರುತ್ತದೆ.

ಇದು ಉಳಿಯಲು ನಾವೇನು ಮಾಡಬಹುದು?

ಪೆಟ್ಟಿಗೆ ಗೂಡು ಕಟ್ಟಿದರೆ ಬರುತ್ತದೆಯೇ ಎಂದು ಕೇಳುತ್ತಾರೆ. ಅದಕ್ಕೆ ಗಿಳಿ, ಮೈನಾ ಬಂದಾವು. ಮರಕುಟಿಗ ಬರುವುದು ಅಪರೂಪ. ಅದಕ್ಕೆ ಕೊರೆಯಲು ಮರ ಬೇಕು.

ಹಾಗಾಗಿ ಮೊದಲ ಕೆಲಸ ಒಣಕೊಂಬೆಯನ್ನು ಕಸ ಎಂದು ನೋಡುವುದನ್ನು ಬಿಡುವುದು. ರಸ್ತೆಯ ಮೇಲೆ, ವಿದ್ಯುತ್ ತಂತಿಯ ಮೇಲೆ, ಮಕ್ಕಳು ಆಡುವ ಜಾಗದ ಮೇಲೆ ಚಾಚಿದ ಒಣಕೊಂಬೆ ಅಪಾಯ. ಅದನ್ನು ತೆಗೆಸಲೇಬೇಕು. ಯಾರ ಮೇಲೂ ಬೀಳದ ಕಡೆ ಇರುವುದನ್ನು ಬಿಡಿ. ತೆಗೆಯಲೇಬೇಕಾದರೂ ಬುಡಸಮೇತ ಕತ್ತರಿಸದೆ ದಪ್ಪ ಭಾಗವನ್ನು ಮೋಟಾಗಿ ಉಳಿಸಬಹುದು. ಮರಕುಟಿಗಕ್ಕೆ ಆ ಮೋಟೇ ಸಾಕು.

ಎರಡನೆಯದು ಕಾಲ ನೋಡುವುದು. ಮಳೆಗಾಲಕ್ಕೆ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ ಕೊಂಬೆ ಕತ್ತರಿಸುವ ರೂಢಿ ಬಹಳ ಕಡೆ ಇದೆ. ಅದು ಸರಿಯಾಗಿ ಮರಿಗಳಿರುವ ಸಮಯ. ಅಪಾರ್ಟ್‌ಮೆಂಟಿನವರು, ಶಾಲೆಯವರು ಈ ಕೆಲಸವನ್ನು ನವೆಂಬರ್–ಡಿಸೆಂಬರಿಗೆ ಇಟ್ಟುಕೊಂಡರೆ ಗೂಡಿಗೂ ತೊಂದರೆಯಿಲ್ಲ, ಮುಂದಿನ ಮಳೆಗಾಲಕ್ಕೂ ಸಿದ್ಧವಾದಂತೆ. ತುರ್ತಾಗಿ ಕತ್ತರಿಸುವಾಗ ಮೊದಲು ದುಂಡು ಬಾಯಿಯ ಪೊಟರೆ ಇದೆಯೇ, ಹಕ್ಕಿ ಹೋಗಿ ಬಂದು ಮಾಡುತ್ತಿದೆಯೇ ಎಂದು ಅರ್ಧ ಗಂಟೆ ನೋಡಿ.

ಮೂರನೆಯದು ಕಾನೂನು. ಮರ ನಿಮ್ಮ ಜಾಗದಲ್ಲಿದ್ದರೂ ಕೇಳದೆ ಕಡಿಯುವಂತಿಲ್ಲ. ತೆಲಂಗಾಣದಲ್ಲಿ 2002ರ ವಾಲ್ಟಾ, ಅಂದರೆ ನೀರು, ನೆಲ ಮತ್ತು ಮರಗಳ ಕಾಯ್ದೆಯಡಿ ಅನುಮತಿ ಬೇಕು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಪಕ್ಕದಲ್ಲಿ ಯಾರಾದರೂ ಮರ ಕಡಿಯುತ್ತಿದ್ದರೆ ಜಗಳಕ್ಕಿಳಿಯುವ ಮೊದಲು ಅನುಮತಿ ಪತ್ರ ತೋರಿಸಿ ಎಂದು ಕೇಳಿ. ಇಲ್ಲವಾದರೆ ಅರಣ್ಯ ಇಲಾಖೆಗೆ ತಿಳಿಸಿ.

ನಾಲ್ಕನೆಯದು ಗಾಳಿಪಟದ ದಾರ. ಸಂಕ್ರಾಂತಿ ಮುಗಿದ ಮೇಲೆ ಹೈದರಾಬಾದಿನ ಮರಗಳಲ್ಲಿ ಮಾಂಜಾ ನೇತಾಡುತ್ತಿರುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಆದರೂ ಅದು ಮರಗಳಲ್ಲಿ ಸಿಗುತ್ತಲೇ ಇದೆ. ಅದು ತಾನಾಗಿ ಕೊಳೆಯುವುದಿಲ್ಲ, ರೆಕ್ಕೆಗೆ ಸುತ್ತಿಕೊಂಡರೆ ಹಕ್ಕಿಗೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಜನವರಿ ಮುಗಿಯುವುದರೊಳಗೆ ಕೈಗೆಟುಕುವಷ್ಟನ್ನು ಬಿಡಿಸಿ ಹಾಕಿ. ಫೆಬ್ರುವರಿಯಿಂದ ಗೂಡಿನ ಕೆಲಸ ಶುರುವಾಗುತ್ತದೆ.

ಗಾಯಗೊಂಡ ಹಕ್ಕಿ ಸಿಕ್ಕರೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಮೆತ್ತನೆ ಬಟ್ಟೆ ಹಾಸಿ ಇಡಿ, ಮುಚ್ಚಿ, ಸದ್ದಿಲ್ಲದ ಕತ್ತಲ ಜಾಗದಲ್ಲಿ ಬಿಡಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಅರಣ್ಯ ಇಲಾಖೆಗೋ ಪ್ರಾಣಿ ರಕ್ಷಣಾ ಬಳಗಕ್ಕೋ ಬೇಗ ಫೋನ್ ಮಾಡಿ.

ಇಷ್ಟೆಲ್ಲಾ ಮಾಡಲಾಗದಿದ್ದರೆ ಒಂದನ್ನಾದರೂ ಮಾಡಿ. ಅಪಾರ್ಟ್‌ಮೆಂಟಿನ ಮುಂದಿನ ಸಭೆಯಲ್ಲಿ ಮರ ಕತ್ತರಿಸುವ ವಿಷಯ ಬಂದಾಗ, ಯಾವ ಕೊಂಬೆ ಅಪಾಯ, ಯಾವುದು ಅಲ್ಲ ಎಂದು ಎಲ್ಲರೂ ಒಟ್ಟಿಗೆ ನಿಂತು ನೋಡಿ ಗುರುತು ಹಾಕಿ. ಅಪಾಯವಿಲ್ಲದ ಒಣಕೊಂಬೆಗೆ ಬಣ್ಣದ ಪಟ್ಟಿ ಬಳಿದು, ಇದನ್ನು ಮುಟ್ಟಬೇಡಿ ಎಂದು ಕತ್ತರಿಸುವವರಿಗೆ ತೆಲುಗಿನಲ್ಲೋ ಹಿಂದಿಯಲ್ಲೋ ಮೊದಲೇ ಹೇಳಿಬಿಡಿ. ಅವರು ಬಂದು ಕೆಲಸ ಶುರುಮಾಡಿದ ಮೇಲೆ ಹೇಳಿ ಪ್ರಯೋಜನವಿಲ್ಲ.